ಖಾಲಿ ಪುಟದಿಂದ ಶುರು ಮಾಡಬೇಡಿ: ಆರ್ಡುಯಿನೊ ಊನೊ ಬೋರ್ಡ್‌ನಿಂದ ನೀರಿನ ಅಲಾರಂವರೆಗೆ

ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಕಲಿಯಬೇಕು ಅಂತ ಮನಸ್ಸಾದ ಕೂಡಲೇ ತುಂಬಾ ಜನ ಮಾಡುವ ಮೊದಲ ಕೆಲಸ ಅಂದರೆ ಆನ್‌ಲೈನ್‌ನಲ್ಲಿ ದೊಡ್ಡ ಕಿಟ್ ಒಂದನ್ನು ತರಿಸುವುದು. ಅದರಲ್ಲಿ 37 ಸೆನ್ಸರ್, ಮೋಟರ್, ರಿಮೋಟ್, ಹೆಸರೇ ಗೊತ್ತಿಲ್ಲದ ಹತ್ತಾರು ನೀಲಿ ಕೆಂಪು ತುಂಡುಗಳು. ಡಬ್ಬಿ ತೆರೆದು ನೋಡುತ್ತಾರೆ, ಮುಚ್ಚುತ್ತಾರೆ, ಅಟ್ಟಕ್ಕೆ ಹಾಕುತ್ತಾರೆ. ಮುಂಬೈಯ ಒನ್ ಬಿಎಚ್‌ಕೆಯಲ್ಲಿ ಅಟ್ಟ ಎಲ್ಲಿಂದ ಬರಬೇಕು, ಮಂಚದ ಕೆಳಗೆ ಹೋಗುತ್ತದೆ.

ಕಿಟ್ ಬೇಡ. ಒಂದು ಬೋರ್ಡ್, ಒಂದು ಕೇಬಲ್, ಒಂದಷ್ಟು ಚಿಲ್ಲರೆ ಸಾಮಾನು ಸಾಕು. ಕೋಡ್ ಕೂಡ ಮೊದಲಿನಿಂದ ಬರೆಯುವುದು ಬೇಡ. ಸಾಫ್ಟ್‌ವೇರ್ ಜೊತೆಗೇ ಬರುವ ಎಕ್ಸಾಂಪಲ್ ಪ್ರೋಗ್ರಾಂಗಳನ್ನು ತೆರೆಯುವುದು, ಅದರಲ್ಲಿ ಒಂದೇ ಒಂದು ಕಡೆ ತಿದ್ದುವುದು, ಬೋರ್ಡ್‌ಗೆ ಕಳಿಸುವುದು, ಏನಾಯಿತು ನೋಡುವುದು. ಇಷ್ಟನ್ನೇ ಮಾಡುತ್ತಾ ಹೋದರೆ ಕೊನೆಗೆ ಡ್ರಮ್ ತುಂಬಿದಾಗ ಕೂಗುವ ಅಲಾರಂ ಕೈಯಲ್ಲಿರುತ್ತದೆ. ಬೆಳಗ್ಗೆ ಗಡಿಯಾರ ನೋಡಿಕೊಂಡು ನೀರು ಹಿಡಿಯುವ ಊರಿನಲ್ಲಿ ಇದರ ಉಪಯೋಗ ನಾನು ವಿವರಿಸಬೇಕಾಗಿಲ್ಲ ಅಲ್ವಾ.

ಯಾವ ಬೋರ್ಡ್?

ಈಗ ಮಾರುಕಟ್ಟೆಯಲ್ಲಿ ಹೊಸಬರಿಗೆ ತೋರಿಸುವುದು ಮುಖ್ಯವಾಗಿ ಮೂರು. ಆರ್ಡುಯಿನೊ ಊನೊ, ಇಎಸ್‌ಪಿ32, ರಾಸ್ಪ್‌ಬೆರಿ ಪೈ ಪಿಕೊ. ಇಎಸ್‌ಪಿ32ರಲ್ಲಿ ವೈ-ಫೈ ಇದೆ, ವೇಗ ಜಾಸ್ತಿ, ಬೆಲೆಯೂ ಕಡಿಮೆ. ಹಾಗಾದರೆ ಅದನ್ನೇ ಯಾಕೆ ತಗೊಳ್ಳಬಾರದು ಅಂತ ಎಲ್ಲರೂ ಕೇಳುತ್ತಾರೆ. ತಗೊಳ್ಳಿ, ಆದರೆ ಎರಡನೆಯದಾಗಿ. ಅದು ಮತ್ತು ಪಿಕೊ ಎರಡೂ 3.3 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ, ಪಿನ್‌ಗೆ (ವೈರ್ ಸಿಕ್ಕಿಸುವ ಜಾಗಕ್ಕೆ) ತಪ್ಪಿ 5 ವೋಲ್ಟ್ ಕೊಟ್ಟರೆ ಕೆಡಬಹುದು. ಊನೊ 5 ವೋಲ್ಟ್‌ನದ್ದು, ಒರಟು ಕೈಗೂ ತಡೆದುಕೊಳ್ಳುತ್ತದೆ. ಪೈಥಾನ್ ಚೆನ್ನಾಗಿ ಬರುತ್ತದೆ ಅನ್ನುವವರು ಪಿಕೊದಲ್ಲಿ ಮೈಕ್ರೋಪೈಥಾನ್ ಹಾಕಿ ಶುರು ಮಾಡಿದರೂ ನನ್ನ ತಕರಾರಿಲ್ಲ.

ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಊರಿನ ಒಂದು ಡಿಸೈನ್ ಕಾಲೇಜಿನಲ್ಲಿ, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ವಿದ್ಯಾರ್ಥಿಗಳಿಗೋಸ್ಕರ. ಊನೊ ಬಂದಿದ್ದು 2010ರಲ್ಲಿ. ಅದರ ಆರ್3 ಆವೃತ್ತಿಯಲ್ಲಿ ಎಟಿಮೆಗಾ328ಪಿ ಅನ್ನುವ ಚಿಪ್ ಇದೆ. ವೇಗ 16 ಮೆಗಾಹರ್ಟ್ಸ್, ಪ್ರೋಗ್ರಾಂ ಇಡಲು 32 ಕಿಲೋಬೈಟ್, ಕೆಲಸ ಮಾಡುವಾಗ ಬಳಸಲು ಬರೀ 2 ಕಿಲೋಬೈಟ್ ಮೆಮೊರಿ. ಇದರಲ್ಲಿ ವಿಂಡೋಸ್ ತರದ ಆಪರೇಟಿಂಗ್ ಸಿಸ್ಟಂ ಏನೂ ಇಲ್ಲ. ಕರೆಂಟ್ ಕೊಟ್ಟ ಕೂಡಲೇ ನೀವು ಹಾಕಿದ ಒಂದೇ ಪ್ರೋಗ್ರಾಂ ಓಡಲು ಶುರುವಾಗುತ್ತದೆ, ಕರೆಂಟ್ ತೆಗೆಯುವವರೆಗೂ ಓಡುತ್ತಲೇ ಇರುತ್ತದೆ.

ಈ ಬೋರ್ಡಿನ ನಕ್ಷೆ ಎಲ್ಲರಿಗೂ ತೆರೆದಿಟ್ಟದ್ದು. ಹಾಗಾಗಿ ಯಾರು ಬೇಕಾದರೂ ಅದೇ ತರದ ಬೋರ್ಡ್ ಮಾಡಿ ಮಾರಬಹುದು. ಅಂಗಡಿಯವರು ಕ್ಲೋನ್ ಅನ್ನುವುದು ಇದನ್ನೇ. ಒರಿಜಿನಲ್‌ಗಿಂತ ತುಂಬಾ ಅಗ್ಗ, ಕಲಿಯಲು ಧಾರಾಳ ಸಾಕು. ಕೇಳುವಾಗ ಡಿಐಪಿ ಚಿಪ್ ಇರುವುದೇ ಬೇಕು ಅನ್ನಿ. ಉದ್ದನೆಯ, ಎರಡೂ ಬದಿ ಕಾಲುಗಳಿರುವ ಕಪ್ಪು ಚಿಪ್ ಸಾಕೆಟ್‌ನಲ್ಲಿ ಕೂತಿರುತ್ತದೆ. ಮುಂದೆ ಎಂದಾದರೂ ಸುಟ್ಟರೆ ಬೂಟ್‌ಲೋಡರ್ (ಕಂಪ್ಯೂಟರ್‌ನಿಂದ ಬರುವ ಕೋಡನ್ನು ಬರಮಾಡಿಕೊಳ್ಳುವ ಪುಟ್ಟ ಪ್ರೋಗ್ರಾಂ) ಹಾಕಿದ ಹೊಸ ಚಿಪ್ ತಂದು ಕೂರಿಸಬಹುದು, ಬೋರ್ಡ್ ಎಸೆಯಬೇಕಾಗಿಲ್ಲ.

ಲ್ಯಾಮಿಂಗ್ಟನ್ ರೋಡ್‌ಗೆ ಒಂದು ಸುತ್ತು

ಆನ್‌ಲೈನ್‌ನಲ್ಲಿ ಎಲ್ಲ ಸಿಗುತ್ತದೆ, ನಿಜ. ಆದರೆ ಹತ್ತು ರೆಸಿಸ್ಟರ್‌ಗೆ ಡೆಲಿವರಿ ಚಾರ್ಜೇ ಜಾಸ್ತಿ. ಮುಂಬೈಯಲ್ಲಿದ್ದು ಲ್ಯಾಮಿಂಗ್ಟನ್ ರೋಡ್ ನೋಡದಿದ್ದರೆ ಹೇಗೆ? ಸರ್ಕಾರಿ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ, ಆ ಹೆಸರು ಹೇಳಿದರೆ ಟ್ಯಾಕ್ಸಿಯವರೂ ಒಂದು ಕ್ಷಣ ಯೋಚಿಸುತ್ತಾರೆ. ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡ್‌ನಲ್ಲಿ ಇಳಿಯಿರಿ, ಫಾಸ್ಟ್ ಅಲ್ಲಿ ನಿಲ್ಲಲ್ಲ. ಡೊಂಬಿವಲಿ, ಠಾಣೆ ಕಡೆಯಿಂದ ಬರುವವರು ದಾದರ್‌ನಲ್ಲಿ ಬದಲಿಸಬೇಕು. ಸ್ಟೇಷನ್ನಿನ ಪೂರ್ವಕ್ಕೆ ಸ್ವಲ್ಪ ನಡೆದರೆ ಆಯಿತು. ಭಾನುವಾರ ಹೆಚ್ಚಿನ ಅಂಗಡಿಗಳು ಬಂದ್, ಶನಿವಾರವೇ ಹೋಗಿ.

ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಊನೊ ಆರ್3, ಅದರ ಕೇಬಲ್, ಒಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತುಂಡುಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆ), ಮೇಲ್-ಟು-ಮೇಲ್ (ಎರಡೂ ತುದಿಯಲ್ಲಿ ಸೂಜಿ ಇರುವ) ಜಂಪರ್ ವೈರ್ ಒಂದು ಕಟ್ಟು, ಕೆಂಪು ಎಲ್‌ಇಡಿ ಐದು, 330 ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರ್ ಹತ್ತತ್ತು, 100 ಓಮ್ ಒಂದೆರಡು, 5 ವೋಲ್ಟ್‌ನ ಆಕ್ಟಿವ್ ಬಜರ್ ಒಂದು. ಎಲ್‌ಇಡಿ ಒಂದೇ ಒಂದು ಕೊಡಿ ಅಂದರೆ ಕೌಂಟರಿನವರು ಮುಖ ನೋಡುತ್ತಾರೆ, ಐದಾದರೂ ಕೇಳಿ. ಬಜರ್ ತಗೊಳ್ಳುವಾಗ ಆಕ್ಟಿವ್ ಅನ್ನುವ ಮಾತು ಮರೆಯಬೇಡಿ. ಆಕ್ಟಿವ್ ಬಜರ್‌ಗೆ ವೋಲ್ಟೇಜ್ ಕೊಟ್ಟರೆ ಸಾಕು, ತಾನೇ ಕೂಗುತ್ತದೆ. ಪ್ಯಾಸಿವ್ ಆದರೆ ಸ್ವರವನ್ನೂ ನೀವೇ ಕೋಡ್‌ನಲ್ಲಿ ಹುಟ್ಟಿಸಬೇಕು.

ಕೇಬಲ್ ಬಗ್ಗೆ ಒಂದು ಮಾತು. ಹಳೆಯ ಮಾದರಿಯ ಊನೊಗೆ ಪ್ರಿಂಟರ್‌ನ ಚೌಕ ಮೂತಿಯ ಕೇಬಲ್ ಬೇಕು. ಈಗ ಕೆಲವು ಕ್ಲೋನ್‌ಗಳಲ್ಲಿ ಟೈಪ್-ಸಿ ಅಥವಾ ಮೈಕ್ರೋ ಯುಎಸ್‌ಬಿ ಇರುತ್ತದೆ. ಅಂಥದ್ದಕ್ಕೆ ಮನೆಯಲ್ಲಿದ್ದ ಚಾರ್ಜಿಂಗ್ ಕೇಬಲ್ ಚುಚ್ಚಿದರೆ ಬೋರ್ಡಿನ ದೀಪ ಹತ್ತುತ್ತದೆ, ಕಂಪ್ಯೂಟರ್‌ಗೆ ಮಾತ್ರ ಬೋರ್ಡ್ ಕಾಣಲ್ಲ, ಯಾಕೆಂದರೆ ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ನಲ್ಲಿ ಡೇಟಾದ ತಂತಿಗಳೇ ಇರುವುದಿಲ್ಲ. ಹೊಸಬರ ಅರ್ಧ ದಿನ ತಿನ್ನುವುದು ಇದೇ.

ಇನ್ನೂ ಖರ್ಚು ಮಾಡುವ ಮನಸ್ಸಿಲ್ಲವೇ? ಬ್ರೌಸರ್‌ನಲ್ಲಿ ವೊಕ್ವಿ ಅಥವಾ ಟಿಂಕರ್‌ಕ್ಯಾಡ್ ತೆರೆಯಿರಿ. ಎರಡರಲ್ಲೂ ಪರದೆ ಮೇಲೆಯೇ ಊನೊ ಇಟ್ಟು ವೈರ್ ಎಳೆದು ಓಡಿಸಬಹುದು. ಲ್ಯಾಪ್‌ಟಾಪ್ ಇಲ್ಲದವರಿಗೆ ಆಂಡ್ರಾಯ್ಡ್ ಫೋನ್, ಒಂದು ಒಟಿಜಿ ಕನೆಕ್ಟರ್, ಆರ್ಡುಯಿನೊಡ್ರಾಯ್ಡ್ ಆ್ಯಪ್ ಇಟ್ಟುಕೊಂಡೂ ಕೆಲಸ ಸಾಗುತ್ತದೆ.

ಸಾಫ್ಟ್‌ವೇರ್ ಮತ್ತು ಪೋರ್ಟ್

ಆರ್ಡುಯಿನೊದ ಅಧಿಕೃತ ತಾಣದಿಂದ ಆರ್ಡುಯಿನೊ ಐಡಿಇ (ಕೋಡ್ ಬರೆದು ಬೋರ್ಡ್‌ಗೆ ಕಳಿಸುವ ಸಾಫ್ಟ್‌ವೇರ್) ಇಳಿಸಿಕೊಳ್ಳಿ. ಉಚಿತ. ದುಡ್ಡು ಕೇಳುವ ಪುಟ ಬಂದರೆ ಅದು ದೇಣಿಗೆ, ಕೊಡದೆಯೂ ಮುಂದೆ ಹೋಗಬಹುದು. ಇನ್‌ಸ್ಟಾಲ್ ಮಾಡಿ, ಬೋರ್ಡ್ ಚುಚ್ಚಿ.

ಈಗ ಪೋರ್ಟ್, ಅಂದರೆ ಬೋರ್ಡ್ ಕಂಪ್ಯೂಟರ್‌ಗೆ ಯಾವ ಹೆಸರಿನಲ್ಲಿ ಕಾಣುತ್ತದೆ ಅನ್ನುವುದನ್ನು ಹುಡುಕಬೇಕು. ಐಡಿಇಯ ಟೂಲ್ಸ್ ಮೆನುವಿನಲ್ಲಿ ಪೋರ್ಟ್ ಅಂತ ಇದೆ. ಅಲ್ಲಿ ಎರಡು ಮೂರು ಹೆಸರು ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಕೇಬಲ್ ಕೀಳಿ, ಮೆನು ಮತ್ತೆ ತೆರೆಯಿರಿ, ಯಾವುದು ಮಾಯವಾಯಿತೋ ಅದೇ ನಿಮ್ಮ ಬೋರ್ಡ್. ಏನೂ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಡ್ರೈವರ್. ಕ್ಲೋನ್‌ಗಳಲ್ಲಿ ಯುಎಸ್‌ಬಿ ಕೆಲಸಕ್ಕೆ ಹೆಚ್ಚಾಗಿ ಸಿಎಚ್340 ಅನ್ನುವ ಚಿಪ್ ಇರುತ್ತದೆ. ಇಂಟರ್ನೆಟ್ ಇದ್ದರೆ ವಿಂಡೋಸ್ ಹೆಚ್ಚಿನ ಸಲ ತಾನೇ ಅದರ ಡ್ರೈವರ್ ಹಾಕಿಕೊಳ್ಳುತ್ತದೆ. ಹಾಕಿಕೊಳ್ಳದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಾಣುತ್ತದೆ, ಆಗ ಸಿಎಚ್340 ಡ್ರೈವರ್ ಅಂತ ಹುಡುಕಿ ಕೈಯಾರೆ ಹಾಕಿ. ಉಬುಂಟು ಬಳಸುವವರು ತಮ್ಮ ಯೂಸರ್ ಅನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಇಲ್ಲದಿದ್ದರೆ ಪೋರ್ಟ್ ಕಾಣುತ್ತದೆ, ಅನುಮತಿ ಇಲ್ಲ ಅನ್ನುತ್ತದೆ.

ಮೊದಲ ಅಪ್‌ಲೋಡ್

ಫೈಲ್, ಎಕ್ಸಾಂಪಲ್ಸ್, ಬೇಸಿಕ್ಸ್, ಬ್ಲಿಂಕ್. ಈ ದಾರಿಯಲ್ಲಿ ಹೋಗಿ. ಟೂಲ್ಸ್‌ನಲ್ಲಿ ಬೋರ್ಡ್ ಅಂತ ಇರುವಲ್ಲಿ ಆರ್ಡುಯಿನೊ ಊನೊ ಆರಿಸಿ. ಮೇಲೆ ಎಡಕ್ಕೆ ಎರಡು ಗುಂಡಿಗಳಿವೆ. ಟಿಕ್ ಗುರುತಿನದು ಕೋಡ್ ಸರಿ ಇದೆಯಾ ಅಂತ ನೋಡುತ್ತದೆ, ಬಾಣದ ಗುರುತಿನದು ಬೋರ್ಡ್‌ಗೆ ಕಳಿಸುತ್ತದೆ. ಬಾಣ ಒತ್ತಿ. ಬೋರ್ಡ್ ಮೇಲೆ ಟಿಎಕ್ಸ್, ಆರ್‌ಎಕ್ಸ್ ಅಂತ ಬರೆದ ಪುಟ್ಟ ದೀಪಗಳು ಪಟಪಟ ಅಂತ ಮಿನುಗುತ್ತವೆ. ಅದು ನಿಂತ ಮೇಲೆ ಎಲ್ ಅಂತ ಬರೆದ ದೀಪ ಒಂದು ಸೆಕೆಂಡ್ ಹತ್ತಿ ಒಂದು ಸೆಕೆಂಡ್ ಆರುತ್ತದೆ.

ಎಷ್ಟೋ ಹೊಸ ಬೋರ್ಡ್‌ಗಳಲ್ಲಿ ಇದೇ ಪ್ರೋಗ್ರಾಂ ಮೊದಲೇ ಇರುತ್ತದೆ. ಆದ್ದರಿಂದ ನೀವು ಕಳಿಸಿದ್ದೇ ಓಡುತ್ತಿದೆ ಅಂತ ನಂಬಬೇಡಿ. ಕೋಡ್‌ನಲ್ಲಿ ಎರಡು ಕಡೆ ಡಿಲೇ ಅಂತ ಇದೆ, ಆವರಣದಲ್ಲಿ 1000. ಅದು ಮಿಲಿಸೆಕೆಂಡ್ ಲೆಕ್ಕ. ಎರಡನ್ನೂ 100 ಮಾಡಿ ಮತ್ತೆ ಬಾಣ ಒತ್ತಿ. ದೀಪದ ಗಡಿಬಿಡಿ ಜಾಸ್ತಿಯಾದರೆ ಸರಿ, ನಿಮ್ಮ ಮಾತು ಬೋರ್ಡ್‌ಗೆ ತಲುಪಿದೆ. ಈಗ ಒಂದನ್ನು 100, ಇನ್ನೊಂದನ್ನು 2000 ಮಾಡಿ. ಕೊನೆಗೆ ಎರಡನ್ನೂ 10ಕ್ಕೆ ಇಳಿಸಿ. ಮಿನುಗುವುದೇ ಕಾಣದೆ ಸ್ವಲ್ಪ ಮಂಕಾಗಿ ಉರಿಯುತ್ತಿರುತ್ತದೆ. ನಿಜವಾಗಿ ಸೆಕೆಂಡಿಗೆ 50 ಸಲ ಹತ್ತಿ ಆರುತ್ತಿದೆ, ಕಣ್ಣಿಗೆ ಹಿಡಿಯಲಾಗುತ್ತಿಲ್ಲ ಅಷ್ಟೇ. ಇದೇ ತಂತ್ರವನ್ನು ಇನ್ನೂ ವೇಗವಾಗಿ ಮಾಡಿದರೆ ದೀಪದ ಬೆಳಕು ಹೆಚ್ಚು ಕಡಿಮೆ ಮಾಡುವ ಪಿಡಬ್ಲ್ಯುಎಂ ಆಗುತ್ತದೆ. ಬೋರ್ಡಿನಲ್ಲಿ ಅಲೆಯ ಗುರುತಿರುವ 3, 5, 6, 9, 10, 11ನೇ ಪಿನ್‌ಗಳು ಅದಕ್ಕೆಂದೇ ಇವೆ.

ಕೋಡ್‌ನಲ್ಲಿ ಎರಡು ಭಾಗ ಕಾಣುತ್ತದೆ, ಸೆಟಪ್ ಮತ್ತು ಲೂಪ್. ಸೆಟಪ್ ಒಂದೇ ಸಲ ಓಡುತ್ತದೆ. ಲೂಪ್ ಚರ್ಚ್‌ಗೇಟ್-ವಿರಾರ್ ಲೋಕಲ್ ಇದ್ದ ಹಾಗೆ, ಕೊನೆ ಮುಟ್ಟಿದ ಕೂಡಲೇ ಮತ್ತೆ ಹೊರಡುತ್ತದೆ. ವ್ಯತ್ಯಾಸ ಅಂದರೆ ಇದಕ್ಕೆ ಮೆಗಾಬ್ಲಾಕ್ ಇಲ್ಲ.

ಕೆಂಪು ಅಕ್ಷರ ಬಂದಾಗ

ಬಂದೇ ಬರುತ್ತದೆ. ಕೆಳಗಿನ ಕಪ್ಪು ಜಾಗದಲ್ಲಿ ಇಪ್ಪತ್ತು ಸಾಲು ಕೆಂಪು ಇಂಗ್ಲಿಷ್ ಸುರಿದರೂ ಮೊದಲ ಸಾಲು ಮಾತ್ರ ಓದಿ. ಉಳಿದದ್ದು ಹೆಚ್ಚಾಗಿ ಅದರ ಬಾಲ.

ಎಕ್ಸ್‌ಪೆಕ್ಟೆಡ್ ಸೆಮಿಕೋಲನ್ ಅಂದರೆ ಯಾವುದೋ ಸಾಲಿನ ಕೊನೆಗೆ ಸೆಮಿಕೋಲನ್ (;) ಹಾಕುವುದು ಬಿಟ್ಟಿದ್ದೀರಿ. ಅದು ತೋರಿಸುವ ಸಾಲಿನಲ್ಲಿ ಎಲ್ಲ ಸರಿ ಕಂಡರೆ ಅದಕ್ಕೂ ಮೇಲಿನ ಸಾಲು ನೋಡಿ. ನಾಟ್ ಡಿಕ್ಲೇರ್ಡ್ ಅಂದರೆ ಸ್ಪೆಲಿಂಗ್ ಅಥವಾ ದೊಡ್ಡಕ್ಷರ ಚಿಕ್ಕಕ್ಷರದ ತಕರಾರು. ಡಿಜಿಟಲ್‌ರೈಟ್ ಅನ್ನುವುದರ ನಡುವಿನ ಡಬ್ಲ್ಯು ದೊಡ್ಡದೇ ಇರಬೇಕು.

ಇವೆರಡೂ ಕೋಡ್‌ನ ತಪ್ಪು. ಇನ್ನೊಂದು ಜಾತಿಯ ತಪ್ಪು ಬರುವುದು ಕಳಿಸುವಾಗ, ನಾಟ್ ಇನ್ ಸಿಂಕ್ ಅಂತ ಹತ್ತು ಸಲ ಗೋಗರೆಯುತ್ತದೆ. ಕೋಡ್ ತಿದ್ದುತ್ತಾ ಕೂರಬೇಡಿ, ಕೋಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಪೋರ್ಟ್ ತಪ್ಪಿರಬಹುದು, ಬೋರ್ಡ್ ಹೆಸರು ತಪ್ಪಿರಬಹುದು, ಇಲ್ಲವೇ 0 ಮತ್ತು 1ನೇ ಪಿನ್‌ಗೆ ಏನಾದರೂ ಸಿಕ್ಕಿಸಿರಬಹುದು. ಕಂಪ್ಯೂಟರ್ ಬೋರ್ಡ್ ಜೊತೆ ಮಾತಾಡುವುದು ಆ ಎರಡು ಪಿನ್‌ಗಳ ಮೂಲಕವೇ, ಅವನ್ನು ಖಾಲಿ ಬಿಡುವ ಅಭ್ಯಾಸ ಮಾಡಿಕೊಳ್ಳಿ. ಊನೊ ಬದಲು ನ್ಯಾನೊ ಕ್ಲೋನ್ ತಂದವರು ಟೂಲ್ಸ್‌ನ ಪ್ರೊಸೆಸರ್ ಮೆನುವಿನಲ್ಲಿ ಓಲ್ಡ್ ಬೂಟ್‌ಲೋಡರ್ ಆರಿಸಿ ನೋಡಿ.

ಬೋರ್ಡ್ ಏನು ನೋಡುತ್ತಿದೆ?

ನನ್ನ ಪ್ರಕಾರ ಕಲಿಕೆಯ ಅತಿ ಮುಖ್ಯ ಘಟ್ಟ ಇದು. ಎಲ್‌ಇಡಿ ಮಿನುಗಿಸಿದವರೆಲ್ಲ ನೇರ ರೋಬೋಟ್‌ಗೆ ಹಾರುತ್ತಾರೆ, ನಡುವಿನ ಈ ಮೆಟ್ಟಿಲು ಬಿಟ್ಟುಬಿಡುತ್ತಾರೆ.

ಬೇಸಿಕ್ಸ್‌ನಲ್ಲೇ ಅನಲಾಗ್‌ರೀಡ್‌ಸೀರಿಯಲ್ ಅಂತ ಒಂದು ಎಕ್ಸಾಂಪಲ್ ಇದೆ. ಅದನ್ನು ಕಳಿಸಿ. ಬಲ ಮೇಲ್ತುದಿಯಲ್ಲಿರುವ ಭೂತಗನ್ನಡಿ ಒತ್ತಿದರೆ ಸೀರಿಯಲ್ ಮಾನಿಟರ್ ತೆರೆಯುತ್ತದೆ, ಸಂಖ್ಯೆಗಳು ಸುರಿಯತೊಡಗುತ್ತವೆ. ಸಂಖ್ಯೆ ಬದಲು ವಿಚಿತ್ರ ಚಿಹ್ನೆಗಳು ಬಂದರೆ ವೇಗದ ಪೆಟ್ಟಿಗೆಯಲ್ಲಿ 9600 ಆರಿಸಿ, ಕೋಡ್‌ನಲ್ಲಿರುವುದೂ ಅದೇ.

ಎ0 ಪಿನ್‌ಗೆ ಒಂದು ಜಂಪರ್ ಸಿಕ್ಕಿಸಿ, ಇನ್ನೊಂದು ತುದಿ ಗಾಳಿಯಲ್ಲಿ ಬಿಡಿ. ಸಂಖ್ಯೆ ಒಂದು ಕಡೆ ನಿಲ್ಲಲ್ಲ. ಆ ತುದಿಯನ್ನು ಬೆರಳಿನಿಂದ ಮುಟ್ಟಿ, ಇನ್ನೂ ಕುಣಿಯುತ್ತದೆ. ಗೋಡೆಯೊಳಗಿನ ವೈರಿಂಗ್‌ನ 50 ಹರ್ಟ್ಸ್ ಗುಂಗನ್ನು ನಿಮ್ಮ ಮೈ ಹಿಡಿದು ಪಿನ್‌ಗೆ ದಾಟಿಸುತ್ತಿದೆ. ಈಗ ತುದಿಯನ್ನು ಜಿಎನ್‌ಡಿ (ಗ್ರೌಂಡ್, ಅಂದರೆ ಮೈನಸ್) ಪಿನ್‌ಗೆ ಸಿಕ್ಕಿಸಿ, 0. ತೆಗೆದು 5 ವೋಲ್ಟ್ ಪಿನ್‌ಗೆ, 1023. ತೆಗೆದು 3.3 ವೋಲ್ಟ್ ಪಿನ್‌ಗೆ, 675ರ ಆಸುಪಾಸು. ಚಿಪ್ 0ಯಿಂದ 5 ವೋಲ್ಟ್‌ವರೆಗಿನದ್ದನ್ನು 1024 ಮೆಟ್ಟಿಲು ಮಾಡಿ ಅಳೆಯುತ್ತದೆ, ಅಷ್ಟೇ ವಿಷಯ. ಗಾಳಿಯಲ್ಲಿ ಬಿಟ್ಟ ಪಿನ್ ಏನು ಬೇಕಾದರೂ ಹೇಳುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿದವರು ಮುಂದೆ ಸೆನ್ಸರ್ ಕೆಟ್ಟಿದೆ ಅಂತ ಸುಮ್ನೆ ಅಂಗಡಿಗೆ ಓಡುವುದಿಲ್ಲ. 5 ವೋಲ್ಟ್ ಮತ್ತು ಜಿಎನ್‌ಡಿಯನ್ನು ಮಾತ್ರ ಒಂದಕ್ಕೊಂದು ನೇರ ಜೋಡಿಸಬೇಡಿ, ಅದು ಶಾರ್ಟ್.

ಬ್ರೆಡ್‌ಬೋರ್ಡ್, ಚುಟುಕಾಗಿ

ನಡುವಿನ ಭಾಗದಲ್ಲಿ ಐದೈದು ತೂತುಗಳ ಸಾಲು ಒಳಗೆ ಜೋಡಣೆಯಾಗಿರುತ್ತದೆ, ಮಧ್ಯದ ಕಾಲುವೆ ಎರಡು ಬದಿಗಳನ್ನು ಬೇರೆ ಮಾಡುತ್ತದೆ. ಅಂಚಿನ ಕೆಂಪು ನೀಲಿ ಗೆರೆಯ ಸಾಲುಗಳು ಉದ್ದಕ್ಕೆ ಜೋಡಣೆ. ಕೆಲವು ಬೋರ್ಡ್‌ಗಳಲ್ಲಿ ಆ ಗೆರೆ ನಡುವೆ ತುಂಡಾಗಿದ್ದರೆ ಜೋಡಣೆಯೂ ಅಲ್ಲಿಗೆ ತುಂಡು.

ಎಲ್‌ಇಡಿಯ ಉದ್ದ ಕಾಲು ಪ್ಲಸ್. 13ನೇ ಪಿನ್‌ನಿಂದ 330 ಓಮ್ ರೆಸಿಸ್ಟರ್, ಅಲ್ಲಿಂದ ಉದ್ದ ಕಾಲು, ಗಿಡ್ಡ ಕಾಲಿನಿಂದ ಜಿಎನ್‌ಡಿ. ಕಿತ್ತಳೆ, ಕಿತ್ತಳೆ, ಕಂದು ಪಟ್ಟಿ ಇರುವುದೇ 330. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನು ಇಟ್ಟುಕೊಳ್ಳುತ್ತದೆ, ಉಳಿದ 3 ವೋಲ್ಟ್ ಅನ್ನು 330ರಿಂದ ಭಾಗಿಸಿದರೆ 9 ಮಿಲಿಆಂಪ್ ಚಿಲ್ಲರೆ. ಒಂದು ಪಿನ್‌ನಿಂದ 20 ಮಿಲಿಆಂಪ್ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು, 40 ಅಂದರೆ ಸುಡುವ ಗಡಿ. ಬ್ಲಿಂಕ್ ಮತ್ತೆ ಕಳಿಸಿ, ಹೊರಗಿನ ಎಲ್‌ಇಡಿಯೂ ಮಿನುಗಬೇಕು.

ಈಗ ಡ್ರಮ್

ನಲ್ಲಿ ನೀರಿನಲ್ಲಿ ಕರಗಿದ ಲವಣಗಳಿರುವುದರಿಂದ ಅದು ಸ್ವಲ್ಪ ಕರೆಂಟ್ ಹರಿಯಲು ಬಿಡುತ್ತದೆ. ಅಷ್ಟೇ ನಮ್ಮ ಸೆನ್ಸರ್. ಬೇರೆ ಏನೂ ಕೊಳ್ಳುವುದು ಬೇಡ.

ಎ0ಯಿಂದ ಜಿಎನ್‌ಡಿಗೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿ, ಕಂದು, ಕಪ್ಪು, ಕಿತ್ತಳೆ ಪಟ್ಟಿಯದು. ಎರಡು ಉದ್ದ ವೈರ್ ತಗೊಂಡು ತುದಿಯಲ್ಲಿ ಎರಡು ಸೆಂಟಿಮೀಟರ್ ಸಿಪ್ಪೆ ಸುಲಿಯಿರಿ. ಒಂದು ವೈರ್ ಎ0ಗೆ, ಇನ್ನೊಂದು 5 ವೋಲ್ಟ್‌ಗೆ. ಬರಿ ತುದಿಗಳು ಒಂದಕ್ಕೊಂದು ಮುಟ್ಟದಂತೆ ಹಳೆಯ ಪೆನ್ನಿನ ಕೊಳವೆಗೆ ಎರಡು ಬದಿಯಲ್ಲಿ ಟೇಪ್ ಸುತ್ತಿ. ನೀರು ಇಲ್ಲದಾಗ ಆ 10 ಕಿಲೋ ರೆಸಿಸ್ಟರ್ ಪಿನ್ ಅನ್ನು 0 ಕಡೆ ಹಿಡಿದಿಟ್ಟಿರುತ್ತದೆ, ಗಾಳಿಯ ಕುಣಿತ ಇರುವುದಿಲ್ಲ. ನೀರು ಮುಟ್ಟಿದಾಗ 5 ವೋಲ್ಟ್ ಕಡೆಯಿಂದ ಕರೆಂಟ್ ಬಂದು ಸಂಖ್ಯೆ ಏರುತ್ತದೆ.

ಅನಲಾಗ್‌ರೀಡ್‌ಸೀರಿಯಲ್ ಇನ್ನೊಮ್ಮೆ ಕಳಿಸಿ, ಒಂದು ಲೋಟ ನಲ್ಲಿ ನೀರಿನಲ್ಲಿ ಅದ್ದಿ ನೋಡಿ. ಗಾಳಿಯಲ್ಲಿ ಎಷ್ಟು, ನೀರಿನಲ್ಲಿ ಎಷ್ಟು ಬರೆದಿಟ್ಟುಕೊಳ್ಳಿ. ಎಷ್ಟು ಬರಬೇಕು ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ನೀರು, ವೈರ್‌ಗಳ ಅಂತರ, ಸುಲಿದ ಉದ್ದ ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಆರ್‌ಒ ನೀರಿನಲ್ಲಿ ಅದ್ದಿದರೆ ಸಂಖ್ಯೆ ಕಡಿಮೆ, ಚಿಟಿಕೆ ಉಪ್ಪು ಹಾಕಿದರೆ ಥಟ್ಟನೆ ಮೇಲೆ. ಮಕ್ಕಳಿದ್ದರೆ ಕರೆದು ತೋರಿಸಿ.

ಇನ್ನು ಕೋಡ್. ಎಕ್ಸಾಂಪಲ್ಸ್‌ನಲ್ಲಿ ಕಂಟ್ರೋಲ್, ಅದರೊಳಗೆ ಇಫ್‌ಸ್ಟೇಟ್‌ಮೆಂಟ್‌ಕಂಡೀಷನಲ್. ತೆರೆದು ಓದಿ ನೋಡಿ, ನಮಗೆ ಬೇಕಾದ ಅಲಾರಂ ಅಲ್ಲಿ ಮೊದಲೇ ಬರೆದಿಟ್ಟಿದೆ. ಎ0 ಓದುತ್ತದೆ, 400ಕ್ಕಿಂತ ಜಾಸ್ತಿ ಇದ್ದರೆ 13ನೇ ಪಿನ್ ಆನ್ ಮಾಡುತ್ತದೆ, ಇಲ್ಲದಿದ್ದರೆ ಆಫ್. ಮೇಲ್ಭಾಗದಲ್ಲಿ ಥ್ರೆಶೋಲ್ಡ್ ಎದುರು 400 ಇರುವ ಕಡೆ ನೀವು ಬರೆದಿಟ್ಟ ಎರಡು ಸಂಖ್ಯೆಗಳ ನಡುವಿನದ್ದನ್ನು ಹಾಕಿ. ಕಳಿಸಿ, ಲೋಟದಲ್ಲಿ ಅದ್ದಿ, ಎಲ್‌ಇಡಿ ಹತ್ತಬೇಕು. ಹತ್ತಿದ ಮೇಲೆಯೇ ಮುಂದಿನ ತಿದ್ದುಪಡಿ: 13 ಇರುವ ಕಡೆ 8 ಬರೆಯಿರಿ, 8ನೇ ಪಿನ್‌ನಿಂದ 100 ಓಮ್ ರೆಸಿಸ್ಟರ್ ದಾಟಿ ಬಜರ್‌ನ ಪ್ಲಸ್‌ಗೆ, ಮೈನಸ್‌ನಿಂದ ಜಿಎನ್‌ಡಿಗೆ. ಪಕ್ಕದ ಮನೆಗೂ ಕೇಳಿಸಬೇಕು ಅನ್ನುವಷ್ಟು ದೊಡ್ಡ ಬಜರ್ ಬೇಕಾದರೆ ಪಿನ್‌ಗೆ ನೇರ ಹಾಕಬೇಡಿ, ನಡುವೆ ಸ್ವಿಚ್ ತರ ಕೆಲಸ ಮಾಡುವ ಬಿಸಿ547 ಟ್ರಾನ್ಸಿಸ್ಟರ್ ಬೇಕಾಗುತ್ತದೆ.

ಇಷ್ಟಕ್ಕೆ ಬಿಟ್ಟರೆ ಕೆಲವು ದಿನಗಳಲ್ಲಿ 5 ವೋಲ್ಟ್ ಕಡೆಯ ತಾಮ್ರದ ತುದಿ ಹಸಿರು ಕಪ್ಪಾಗಿ ತಿಂದುಹೋಗುತ್ತದೆ. ನೀರಿನಲ್ಲಿ ಸದಾ ಒಂದೇ ದಿಕ್ಕಿಗೆ ಕರೆಂಟ್ ಹರಿದರೆ ಆಗುವ ವಿದ್ಯುದ್ವಿಭಜನೆ ಅದು, ಹೈಸ್ಕೂಲಿನಲ್ಲಿ ಓದಿದ್ದೇ. ಉಪಾಯ ಸುಲಭ: ಅಳೆಯುವ ಕ್ಷಣದಲ್ಲಿ ಮಾತ್ರ ಕರೆಂಟ್ ಕೊಡುವುದು. ಆ ವೈರ್ ಅನ್ನು 5 ವೋಲ್ಟ್‌ನಿಂದ ಕಿತ್ತು 7ನೇ ಪಿನ್‌ಗೆ ಹಾಕಿ. ಸೆಟಪ್‌ನಲ್ಲಿ ಪಿನ್‌ಮೋಡ್ ಸಾಲನ್ನು ಕಾಪಿ ಮಾಡಿ ಕೆಳಗೆ ಅಂಟಿಸಿ, ಎಲ್‌ಇಡಿ ಪಿನ್ ಹೆಸರಿದ್ದ ಕಡೆ 7 ಬರೆಯಿರಿ. ಲೂಪ್‌ನಲ್ಲಿ ಅನಲಾಗ್‌ರೀಡ್ ಸಾಲಿನ ಮೇಲೆ 7ನ್ನು ಹೈ ಮಾಡುವ ಡಿಜಿಟಲ್‌ರೈಟ್ ಸಾಲು, ಅದರ ಕೆಳಗೆ 10ರ ಡಿಲೇ. ಅನಲಾಗ್‌ರೀಡ್ ಆದ ಕೂಡಲೇ 7ನ್ನು ಲೋ ಮಾಡುವ ಸಾಲು. ಈ ಸಾಲುಗಳೆಲ್ಲ ಬ್ಲಿಂಕ್‌ನಲ್ಲಿ ಇವೆ, ಅಲ್ಲಿಂದಲೇ ಎತ್ತಿಕೊಳ್ಳಿ. ಕೊನೆಯಲ್ಲಿರುವ 1ರ ಡಿಲೇಯನ್ನು 1000 ಮಾಡಿ. ಈಗ ಸೆಕೆಂಡಿನಲ್ಲಿ ನೂರನೇ ಒಂದು ಭಾಗ ಮಾತ್ರ ಕರೆಂಟ್ ಹರಿಯುತ್ತದೆ, ಸವೆತ ತುಂಬಾ ನಿಧಾನವಾಗುತ್ತದೆ. ತಾಮ್ರದ ಬದಲು ಎರಡು ಸ್ಟೀಲ್ ಸ್ಕ್ರೂ ಕಟ್ಟಿದರೆ ಇನ್ನೂ ಒಳ್ಳೆಯದು.

ಕುಡಿಯುವ ನೀರಿನಲ್ಲಿ ಇದನ್ನು ಇಳಿಬಿಡಬೇಡಿ, ಬಟ್ಟೆ ಪಾತ್ರೆಯ ಡ್ರಮ್‌ಗೆ ಸರಿ. ಬೋರ್ಡ್ ನೀರಿಗಿಂತ ಎತ್ತರದಲ್ಲಿ, ಸಿಡಿಯದ ಜಾಗದಲ್ಲಿ ಇರಲಿ. ಲ್ಯಾಪ್‌ಟಾಪ್ ಬಿಚ್ಚಿ ಫೋನಿನ 5 ವೋಲ್ಟ್ ಚಾರ್ಜರ್‌ಗೆ ಹಾಕಿದರೆ ಆಯಿತು, ಪ್ರೋಗ್ರಾಂ ಚಿಪ್‌ನಲ್ಲೇ ಉಳಿದಿರುತ್ತದೆ. ರಿಲೇ (ಬೋರ್ಡ್ ಹೇಳಿದಾಗ ಆನ್ ಆಫ್ ಆಗುವ ಸ್ವಿಚ್) ಹಾಕಿ ಸೊಸೈಟಿಯ ಪಂಪನ್ನೇ ಆಫ್ ಮಾಡಿಸೋಣ ಅಂತ ಆಸೆ ಬರುತ್ತದೆ. 230 ವೋಲ್ಟ್ ಮತ್ತು ನೀರು ಒಟ್ಟಿಗಿರುವ ಕೆಲಸ ಮೊದಲ ಪ್ರಾಜೆಕ್ಟ್ ಅಲ್ಲ, ಎಲೆಕ್ಟ್ರಿಷಿಯನ್ ಇಲ್ಲದೆ ಮುಟ್ಟಬೇಡಿ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಜೂನ್‌ನಿಂದ ಇಲ್ಲಿಯ ಗಾಳಿಯೇ ಒದ್ದೆ, ಜಂಪರ್ ತುದಿಗಳಿಗೂ ಬ್ರೆಡ್‌ಬೋರ್ಡ್‌ನ ಕ್ಲಿಪ್‌ಗಳಿಗೂ ಕಿಲುಬು ಹಿಡಿದು ನಿನ್ನೆ ನಡೆದದ್ದು ಇವತ್ತು ನಡೆಯಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಇಡಿ.

ಮುಂದೆ

ಇದೇ ಎಕ್ಸಾಂಪಲ್ಸ್‌ನ ಡಿಜಿಟಲ್ ವಿಭಾಗದಲ್ಲಿ ಬ್ಲಿಂಕ್‌ವಿದೌಟ್‌ಡಿಲೇ ಇದೆ, ಅದನ್ನು ನಿಧಾನವಾಗಿ ಓದಿ. ಡಿಲೇ ಓಡುವಾಗ ಚಿಪ್ ಬೇರೆ ಯಾವ ಸಾಲನ್ನೂ ಮುಟ್ಟುವುದಿಲ್ಲ, ಬಟನ್ ಒತ್ತಿದರೂ ಗಮನಿಸುವುದಿಲ್ಲ. ಎರಡು ಕೆಲಸ ಒಟ್ಟಿಗೆ ಮಾಡಿಸುವ ದಾರಿ ಅಲ್ಲಿದೆ. ಆಮೇಲೆ ಡಿಬೌನ್ಸ್ ನೋಡಿ, ಒಂದು ಸಲ ಒತ್ತಿದ ಬಟನ್ ಹತ್ತು ಸಲ ಒತ್ತಿದ ಹಾಗೆ ಯಾಕೆ ಕಾಣುತ್ತದೆ ಅಂತ ಗೊತ್ತಾಗುತ್ತದೆ.

ಡ್ರಮ್ ತುಂಬಿದ್ದು ಫೋನಿಗೇ ಗೊತ್ತಾಗಬೇಕು ಅಂತಿದ್ದರೆ ಈಗ ಇಎಸ್‌ಪಿ32 ತನ್ನಿ. ಬೋರ್ಡ್ಸ್ ಮ್ಯಾನೇಜರ್‌ನಲ್ಲಿ ಎಸ್ಪ್ರೆಸಿಫ್ ಹೆಸರಿನ ಇಎಸ್‌ಪಿ32 ಪ್ಯಾಕೇಜ್ ಹಾಕಿಕೊಳ್ಳಿ. ಐಡಿಇ ಅದೇ, ಸೆಟಪ್ ಲೂಪ್ ಅದೇ. ಎ0ಗೆ ಹಾಕಿದ್ದ ನೀರಿನ ವೈರ್ ಅನ್ನು ಇಲ್ಲಿ 34ನೇ ಪಿನ್‌ಗೆ ಹಾಕಿದರೆ ವೈ-ಫೈ ಆನ್ ಇದ್ದಾಗಲೂ ಸರಿಯಾಗಿ ಓದುತ್ತದೆ, ವೋಲ್ಟೇಜ್ ಅಳೆಯುವ ಪಿನ್‌ಗಳಲ್ಲೇ ಎಡಿಸಿ2 ಅನ್ನುವ ಗುಂಪಿನವು ಆಗ ಕೈಕೊಡುತ್ತವೆ. ಅಳತೆ 1023ರ ಬದಲು 4095ವರೆಗೆ ಹೋಗುತ್ತದೆ, ಥ್ರೆಶೋಲ್ಡ್ ಮತ್ತೆ ಲೋಟದಲ್ಲಿ ಅದ್ದಿಯೇ ಹುಡುಕಬೇಕು. ಮನೆಯ ರೌಟರ್ 5 ಗಿಗಾಹರ್ಟ್ಸ್ ಮಾತ್ರ ಬಿಡುತ್ತಿದ್ದರೆ ಮಾಮೂಲಿ ಇಎಸ್‌ಪಿ32ಗೆ ಅದು ಕಾಣಲ್ಲ, 2.4 ಆನ್ ಮಾಡಿ. ಕಳಿಸುವಾಗ ಕನೆಕ್ಟಿಂಗ್ ಅಂತ ಚುಕ್ಕಿ ಇಡುತ್ತಾ ನಿಂತರೆ ಬೋರ್ಡ್ ಮೇಲಿನ ಬೂಟ್ ಗುಂಡಿ ಒತ್ತಿ ಹಿಡಿಯಿರಿ, ಶೇಕಡಾವಾರು ಏರತೊಡಗಿದ ಮೇಲೆ ಬಿಡಿ.